ಘಾಟ್ ವೀರನ ಸಾಕ್ಷಿ

ಕಾಶಿಯ ಹನುಮಾನ್ ಘಾಟಿನಲ್ಲಿ ಮಿಂದು ಮೇಲೆ ಬಂದವರಿಗೆ ಬಿಟ್ಟ ಚಪ್ಪಲಿ ಬಿಟ್ಟಲ್ಲೇ ಸಿಕ್ಕರೆ ಅದೂ ಒಂದು ಪುಣ್ಯ ಎನ್ನುತ್ತಿದ್ದ ಕಾಲ ಅದು. ನನಗೆ ಒಂಬತ್ತು ವರ್ಷ. ಟಿ.ವಿ.ಯಲ್ಲಿ ಕಾರ್ಟೂನು ನೋಡಿ ನೋಡಿ ತಲೆ ಕೆಟ್ಟು, ಅಪ್ಪನ ಹಳೆಯ ಕೆಂಪು ಪಂಚೆಯನ್ನು ಕುತ್ತಿಗೆಗೆ ಕಟ್ಟಿಕೊಂಡು ‘ಘಾಟ್ ವೀರ’ನಾಗಿದ್ದೆ. ಕಳ್ಳರನ್ನು ಹಿಡಿಯುವುದು ನನ್ನ ಕೆಲಸ. ಅಪ್ಪ ನನ್ನ ಜೊತೆಗಾರ.

ಅಪ್ಪ ಕನ್ನಡದ ಯಾತ್ರಿಕರಿಗೆ ಶ್ರಾದ್ಧ, ಪೂಜೆ ಮಾಡಿಸುತ್ತಿದ್ದ ಪುರೋಹಿತರು. ಆ ವರ್ಷ ಮಂಡಿನೋವೆಂದು ಹೇಳಿ ಮಂತ್ರದ ಕೆಲಸವನ್ನೆಲ್ಲ ಚಿಕ್ಕಪ್ಪನಿಗೆ ಒಪ್ಪಿಸಿದ್ದರು. ಬಿದಿರಿನ ಛತ್ರಿಯ ಕೆಳಗೆ ಹಲಗೆಯ ಮೇಲೆ ಕೂತು, ನೀರಿಗಿಳಿದವರ ಬ್ಯಾಗು ಕಾಯುವುದನ್ನಷ್ಟೇ ಉಳಿಸಿಕೊಂಡಿದ್ದರು. ಅಮ್ಮ ಅದನ್ನು ಅರ್ಧ ಪಿಂಚಣಿ ಎಂದು ಗೇಲಿ ಮಾಡುತ್ತಿದ್ದಳು.

ಚಳಿಗೆ ಶಾಲೆ ಮುಚ್ಚಿತ್ತು. ಬೆಳಗಾದರೆ ಹಲಗೆಯ ಮೇಲೆ ಅಪ್ಪನಿಗೆ ಒತ್ತಿಕೊಂಡು ಕೂರುತ್ತಿದ್ದೆ. ಒದ್ದೆ ಬಟ್ಟೆ, ಚೆಂಡುಹೂವು, ದೋಣಿಯ ಡೀಸೆಲ್, ಎಲ್ಲದರ ವಾಸನೆ ಮಂಜಿನಲ್ಲಿ ಕಲೆತಿರುತ್ತಿತ್ತು. ಮನೆಯಲ್ಲೂ ಹಿಂದಿಯನ್ನೇ ಒದರುತ್ತಿದ್ದ ನಾನು ಅಲ್ಲಿ ಮಾತ್ರ ಕನ್ನಡ ಆಡುತ್ತಿದ್ದೆ. ಕಳ್ಳರಿಗೆ ಕನ್ನಡ ಬಾರದಲ್ಲ, ಅದು ನಮ್ಮ ಗುಪ್ತಭಾಷೆ. “ಏನು ಕಾಣ್ತಿದೆ ವೀರಾ?” ಎಂದು ಅಪ್ಪ ಗಳಿಗೆಗೊಮ್ಮೆ ಕೇಳುವರು. ಹಳದಿ ಸ್ವೆಟರಿನವನು ಶೂಗಳ ಹತ್ತಿರ ಸುಳಿದಾಡುತ್ತಿದ್ದಾನೆ ಎಂದು ನಾನು ಪಿಸುಗುಟ್ಟಿದರೆ ಸಾಕು, ಅಪ್ಪ ಒಮ್ಮೆ ಗದರುವರು, ಅವನು ಪರಾರಿ. ಹಾಗೆ ಮೂವರನ್ನು ಓಡಿಸಿದ್ದೆವು. ನನ್ನ ಕಾಲು ನೆಲದ ಮೇಲಿರಲಿಲ್ಲ.

ನಮ್ಮ ಹಲಗೆಯ ಪಕ್ಕದ ಮೆಟ್ಟಿಲು ರಾಮಜತನ್ ಚಾಚಾ ಅವರದು. ಯಾತ್ರಿಕರಿಗೆ ಕ್ಷೌರ ಮಾಡುತ್ತಿದ್ದರು. ಮಿಂದ ಬಟ್ಟೆಯನ್ನು ಕೆಲವರು ಕಾಶಿಯಲ್ಲೇ ಬಿಟ್ಟು ಹೋಗುತ್ತಾರೆ. ನಮ್ಮ ಮೆಟ್ಟಿಲುಗಳಲ್ಲಿ ಹಾಗೆ ಬಿಟ್ಟದ್ದು ಚಾಚಾನ ಪಾಲು.

ಒಂದು ಬೆಳಗ್ಗೆ ದಾವಣಗೆರೆ ಕಡೆಯ ಹೆಂಗಸೊಬ್ಬರು ಮಿಂದು, ಸೀರೆ ಬಿಟ್ಟು, ಬೇರೆ ಉಟ್ಟು ಬಂದವರೇ ಬ್ಯಾಗು ತಡಕಾಡಿ ಅಳತೊಡಗಿದರು. ತಾಯಿ ಕೊಟ್ಟ ಉಂಗುರ ಇರಲಿಲ್ಲ. ಅಪ್ಪ ನನ್ನ ಕಿವಿಯ ಬಳಿ ಬಾಗಿದರು.

“ಬ್ಯಾಗ್ ಹತ್ರ ಯಾರು ಬಂದಿದ್ರು?”

“ರಾಮಜತನ್ ಚಾಚಾ.”

“ಬ್ಯಾಗಿಗೆ ಕೈ ಹಾಕಿದ್ನಾ? ನೀನು ಸರಿಯಾಗಿ ನೋಡಿದ್ಯಾ?”

ನಾನು ನೋಡಿರಲಿಲ್ಲ. ಚಾಚಾ ಬಾಗಿ ಸೀರೆ ಎತ್ತಿಕೊಂಡಾಗ ಅವರ ಬೆನ್ನು ಕಂಡಿತ್ತು, ಅಷ್ಟೇ. ನನ್ನ ಕಣ್ಣೆಲ್ಲ ಕೈಯಲ್ಲಿದ್ದ ಮಣ್ಣಿನ ಕುಡಿಕೆಯ ಹಾಲಿನ ನೊರೆಯ ಮೇಲಿತ್ತು. ಆದರೆ ಘಾಟ್ ವೀರ ನೋಡಲಿಲ್ಲ ಎನ್ನುವುದುಂಟೇ?

“ಹೂಂ, ನೋಡ್ದೆ” ಎಂದೆ.

ಅಪ್ಪ ಎದ್ದು ನಿಂತು, ಚಾಚಾ ಬ್ಯಾಗಿಗೆ ಕೈ ಹಾಕಿದ್ದನ್ನು ತಾವೇ ಕಣ್ಣಾರೆ ಕಂಡದ್ದಾಗಿ ಹಿಂದಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟರು. ಹುಡುಕಿದರೆ ಚಾಚಾನ ಬಳಿ ಏನೂ ಸಿಗಲಿಲ್ಲ. ಅಷ್ಟರಲ್ಲಿ ಅವರ ಹೆಂಡತಿ ಒದ್ದೆ ಬಟ್ಟೆಯ ಗಂಟು ಹೊತ್ತು ಮನೆಗೆ ಹೋಗಿಯಾಗಿತ್ತು. ಆದರೇನು, ಘಾಟಿನಲ್ಲಿ ಅಪ್ಪನ ಮಾತಿಗೆ ಎರಡಿರಲಿಲ್ಲ. ದೋಣಿಯವರು ಚಾಚಾನ ಕತ್ತಿ ಕನ್ನಡಿಯ ಪೆಟ್ಟಿಗೆಯನ್ನು ಎತ್ತಿ ಮೇಲಿನ ಗಲ್ಲಿಗೆಸೆದರು. “ಪಂಡಿತ್‌ಜೀ, ನೀವು ನೋಡಿದ್ರಾ?” ಎಂದು ಚಾಚಾ ತಮ್ಮ ಭಾಷೆಯಲ್ಲಿ ಒಂದೇ ಸಲ ಕೇಳಿದರು. ಅಪ್ಪ ಹೌದೆಂದು ತಲೆಯಾಡಿಸಿದರು.

ಮರುದಿನ ಚಾಚಾನ ಹೆಂಡತಿ ಉಂಗುರ ತಂದು ಹಲಗೆಯ ಮೇಲಿಟ್ಟಳು. ಸೀರೆ ಒಗೆಯುವಾಗ ಸೆರಗಿನ ಗಂಟಿನಲ್ಲಿ ಸಿಕ್ಕಿತಂತೆ. ಚಳಿನೀರಿನಲ್ಲಿ ಬೆರಳಿಂದ ಜಾರೀತೆಂದು ದಾವಣಗೆರೆಯ ಹೆಂಗಸೇ ಕಟ್ಟಿಕೊಂಡು, ಗಡಿಬಿಡಿಯಲ್ಲಿ ಮರೆತಿದ್ದರು. ಚಾಚಾನ ಹೆಂಡತಿ ಅಷ್ಟು ಹೇಳಿ ಹೊರಟುಹೋದಳು.

ಅಪ್ಪ ಆಗಲೇ ಸೋನಾರ್‌ಪುರದ ಹಿಂದಿದ್ದ ಚಾಚಾನ ಮನೆಗೆ ಹೊರಟರು. ನಾನೂ ಬರುತ್ತೇನೆಂದೆ.

“ನೀನು ಬೇಡ ಮಗಾ. ಕಾಣದ್ದನ್ನ ಕಂಡೆ ಅಂದಿದ್ದು ನಾನು” ಎಂದರು.

ಆಗಲಾದರೂ ಬಾಯಿ ಬಿಡಬಹುದಿತ್ತು. ಕೆಂಪು ಪಂಚೆಯನ್ನು ಮಡಚಿ ಟ್ರಂಕಿನಡಿ ತುರುಕಿದೆ, ಅಷ್ಟೇ. ಅಪ್ಪ ಕ್ಷಮೆ ಕೇಳಿ ಬಂದರು, ಚಾಚಾ ಮಾತ್ರ ಮತ್ತೆ ಘಾಟಿಗೆ ಇಳಿಯಲಿಲ್ಲ. ಅಪ್ಪನೂ ಹಲಗೆ ಬಿಟ್ಟರು.

ಮುಂದಿನ ವರ್ಷ ಕಣ್ಣಿನ ಡಾಕ್ಟರರು ಅಪ್ಪನನ್ನು ಬೈದರು. ಪೊರೆ ಬಲಿತು ಎರಡು ವರ್ಷವಾಗಿದೆ, ಎದುರಿಗೆ ನಿಂತವರ ಮುಖವೂ ಕಾಣುತ್ತಿರಲಿಕ್ಕಿಲ್ಲ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು. ಮಂಡಿನೋವು ಬರೀ ನೆಪ. “ಏನು ಕಾಣ್ತಿದೆ ವೀರಾ?” ಎಂದು ಅಪ್ಪ ಆಟಕ್ಕೆ ಕೇಳುತ್ತಿರಲಿಲ್ಲ ಎಂದು ನನಗೆ ಹೊಳೆದದ್ದು ಆ ಆಸ್ಪತ್ರೆಯ ಬೆಂಚಿನ ಮೇಲೆ.

ಈಗ ಆ ಹಲಗೆಯ ಮೇಲೆ ನಾನು ಕೂರುತ್ತೇನೆ. ಪಕ್ಕದ ಮೆಟ್ಟಿಲಿನಲ್ಲಿ ಬೇರೆ ಯಾರೋ ಬ್ಯಾಟರಿ ಮೆಷಿನ್ನಿನಿಂದ ತಲೆ ಬೋಳಿಸುತ್ತಾರೆ. ಏನಾದರೂ ಕಳುವಾದರೆ ಕಂಬದ ಮೇಲಿನ ಕ್ಯಾಮೆರಾವನ್ನು ಕೇಳುತ್ತಾರೆಯೇ ಹೊರತು ನನ್ನನ್ನಲ್ಲ. ನನ್ನ ಮಗಳಿಗೆ ಕನ್ನಡ ಬರುವುದಿಲ್ಲ. ನಾನಂದ ಒಂದು ‘ಹೂಂ’ ಮೇಲೆ ತಮ್ಮ ಹೆಸರನ್ನೇ ಪಣಕ್ಕಿಟ್ಟವರು ಅಪ್ಪ. ಅದಾದ ಮೇಲೂ ಹನ್ನೆರಡು ವರ್ಷ ಬದುಕಿದ್ದರು. ನಿಜ ಹೇಳಲು ನನಗೆ ಅಷ್ಟೂ ವರ್ಷ ಇತ್ತು, ನಾನು ಹೇಳಲಿಲ್ಲ.