ಎರಡು ರಬ್ಬರಿನ ಡಬ್ಬಿ

ನನಗೆ ಕಣ್ಣು ಕಾಣುವುದಿಲ್ಲ ಎಂದು ಗೊತ್ತಾದ ಕೂಡಲೇ ನಮ್ಮ ಕಡೆಯ ಜನಕ್ಕೆ ಒಂದು ಹುಕಿ ಬರುತ್ತದೆ. ಎದುರು ಬಂದು ನಿಂತು, "ನಾ ಯಾರು, ಹೇಳು ನೋಡೂಣು?" ಎಂದು ಕೇಳುವುದು. ಸಿಂಧನೂರಿನಲ್ಲಿ ನಾನು ಬಾಡಿಗೆಗಿದ್ದ ಖೋಲಿಯ ಮಾಲೀಕಳಂತೂ ದಿನಕ್ಕೆ ಮೂರು ಸಲ ಕೇಳುತ್ತಿದ್ದಳು. ಅದೇ ಅಂಗಳ, ಅದೇ ಕೆಮ್ಮು, ಅದೇ ಕಾಲುಂಗುರದ ಸಪ್ಪಳ. ಒಮ್ಮೆ ತಲೆ ಕೆಟ್ಟು, "ತಹಶೀಲ್ದಾರ್ರು ಅದೀರಿ" ಎಂದೆ. ಆಕೆ ನಕ್ಕು ನಕ್ಕು ಅಲ್ಲೇ ಕೂತುಬಿಟ್ಟಳು. ಅಂದಿನಿಂದ ಇಡೀ ಓಣಿಗೆ ಆಕೆ ತಹಶೀಲ್ದಾರ್ ಅಕ್ಕ.

ಬಿ.ಎ. ಓದಲು ಮಸ್ಕಿಯಿಂದ ಬಂದಿದ್ದೆ. ಒಬ್ಬಳೇ ಇರುತ್ತೇನೆ ಎಂದಾಗ ಅವ್ವ ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ ಕರಾರು ಹಾಕಿದಳು: ಒಂದು ತಿಂಗಳು ಇರು, ನಾನೇ ಬಂದು ನೋಡುತ್ತೇನೆ, ಒಂದು ತಪ್ಪು ಕಂಡರೂ ಗಂಟು ಕಟ್ಟಿ ಲಿಂಗಸುಗೂರಿನ ದೊಡ್ಡವ್ವನ ಮನೆಗೆ, ಅಲ್ಲಿಯ ಕಾಲೇಜಿಗೆ. ದೊಡ್ಡವ್ವ ಬಹಳ ಒಳ್ಳೆಯವಳು. ಆ ಒಳ್ಳೆಯತನಕ್ಕೇ ನನಗೆ ಹೆದರಿಕೆ. ಅವಳ ಮನೆಯಲ್ಲಿ ನೀರಿನ ತಂಬಿಗೆ ಬಾಯಿಗೇ ಬರುತ್ತದೆ. ರೊಟ್ಟಿಯನ್ನು ಮುರಿದು ಹಾಲಿನಲ್ಲಿ ಕಲಸಿ ಕೊಡುತ್ತಾಳೆ. ಎರಡು ವರ್ಷ ಅಲ್ಲಿದ್ದರೆ ಮೂರನೆಯ ವರ್ಷ ನನ್ನನ್ನು ತೊಟ್ಟಿಲಿಗೇ ಹಾಕುತ್ತಿದ್ದಳು.

ಹಾಗಾಗಿ ಖೋಲಿಯನ್ನು ಬಲು ಶಿಸ್ತಿನಲ್ಲಿಟ್ಟಿದ್ದೆ. ಹಲಗೆಯ ಮೇಲೆ ಒಂದೇ ಅಳತೆಯ ಸ್ಟೀಲ್ ಡಬ್ಬಿಗಳು. ಒಂದು ರಬ್ಬರ್ ಸುತ್ತಿದ್ದು ಉಪ್ಪು, ಎರಡು ಸುತ್ತಿದ್ದು ಸಕ್ಕರೆ. ಖಾರಪುಡಿಗೆ ರಬ್ಬರೇ ಬೇಡ, ಅದು ತನ್ನ ಪರಿಚಯ ತಾನೇ ಹೇಳಿಕೊಳ್ಳುತ್ತದೆ. ಬೆರಳಿಗೆ ಹಚ್ಚಿಕೊಂಡು ನೋಡಿದರೂ ಉಪ್ಪು ಯಾವುದು, ಸಕ್ಕರೆ ಯಾವುದು ತಿಳಿಯುತ್ತಿತ್ತು. ಆದರೆ ನನ್ನ ರಬ್ಬರುಗಳ ಮೇಲೆ ನನಗೆ ಅಷ್ಟು ಸೊಕ್ಕು. ಫೋನಿನಲ್ಲಿ ಅವ್ವನ ಮುಂದೆಯೂ ಈ ಲೆಕ್ಕ ಹೇಳಿ ಕೊಚ್ಚಿಕೊಂಡಿದ್ದೆ.

ಅವ್ವ ಬರುವ ಭಾನುವಾರ ಮುಂಜಾನೆ ಕೋಲು ಹಿಡಿದು ಹೋಗಿ ಹಾಲು ತಂದೆ. ತಂದು ಇಡುವಷ್ಟರಲ್ಲಿ ಬಾಗಿಲಲ್ಲಿ ಯಾರೋ ಬಂದು ಸುಮ್ಮನೆ ನಿಂತರು. ಮಾತಿಲ್ಲ, ಕತೆಯಿಲ್ಲ.

"ಯವ್ವಾ, ಒಳಗ ಬಾ. ಅಲ್ಲೇ ನಿಂತು ಪರೀಕ್ಷಾ ಮಾಡಬ್ಯಾಡ."

"ನಾ ಅಂತ ಹೆಂಗ ಗೊತ್ತಾತು?"

"ನಿನಗಿಂತ ಮೊದಲ ನಿನ್ನ ಚೀಲದಾಗಿನ ಶೇಂಗಾ ಚಟ್ನಿ ಒಳಗ ಬಂದೈತಿ."

ಅವ್ವ ನಗಲಿಲ್ಲ. ಒಲೆಯ ಗುಂಡಿ ತಿರುವಿ ನೋಡಿದಳು, ಮಂಚದ ಕೆಳಗೆ ಬಗ್ಗಿದಳು, ಕೊಡದ ಮುಚ್ಚಳ ಎತ್ತಿದಳು. ಏನೂ ಸಿಗದೆ ಬೇಸರವಾಗಿರಬೇಕು, ನಿಟ್ಟುಸಿರು ಬಿಟ್ಟು ಕೂತಳು. ನಾನು ಗೆದ್ದೆನೆಂದೇ ಚಹಾಕ್ಕೆ ಇಟ್ಟೆ. ಅಷ್ಟರಲ್ಲಿ ತಹಶೀಲ್ದಾರ್ ಅಕ್ಕನೂ ಬಂದಳು. ಎರಡು ರಬ್ಬರಿನ ಡಬ್ಬಿಯಿಂದ ಅವ್ವನ ಪ್ರೀತಿಗೆಂದು ಒಂದು ಚಮಚ ಹೆಚ್ಚೇ ಹಾಕಿ, ಮೂರು ಲೋಟಕ್ಕೆ ಸೋಸಿದೆ.

"ಥೂ!" ಎಂದಳು ತಹಶೀಲ್ದಾರ್ ಅಕ್ಕ.

ನಾನೂ ಒಂದು ಗುಟುಕು ಕುಡಿದೆ. ಉಪ್ಪು! ಅವ್ವ ಲೋಟವನ್ನು ನೆಲಕ್ಕಿಟ್ಟ ಸಪ್ಪಳ ಕೇಳಿಸಿತು. ದೊಡ್ಡವ್ವ ಆಗಲೇ ಹಾಲಿನಲ್ಲಿ ರೊಟ್ಟಿ ಕಲಸತೊಡಗಿದ್ದಾಳೆ ಅನ್ನಿಸಿ ಅಳು ಬಂತು.

"ಹಂಗ್ಯಾಕಾತು?" ಎಂದಳು ಅಕ್ಕ. "ನಿಮ್ಮವ್ವ ಬರ್ತಾಳಂತ, ನೀ ಹಾಲಿಗೆ ಹೋದಾಗ ಡಬ್ಬಿ ಎಲ್ಲಾ ಒರೆಸಿ ಥಳಥಳ ಮಾಡಿ ಇಟ್ಟೀನಿ. ರಬ್ಬರ್ ತಗದು ತಿರುಗಿ ಹಾಕೀನಿ ತಂಗಿ, ಒಂದೂ ಕಳದಿಲ್ಲ!"

ನಾನು ಬಾಯಿ ತೆರೆಯುವ ಮೊದಲೇ ಅವ್ವ ಎದ್ದು ನಿಂತಳು. "ಅಲ್ರೀ ಅಕ್ಕಾರ, ಆಕಿ ಮನ್ಯಾಗಿನ ಡಬ್ಬಿ ನೀವ್ಯಾಕ ಮುಟ್ಟಿದ್ರಿ? ಆಕಿಗೊಂದು ಮಾತು ಕೇಳಬಾರದೇನ್ರಿ?"

ಒಂದು ತಿಂಗಳಿಂದ ಫೋನಿನಲ್ಲಿ ಅವ್ವನ ಬಾಯಲ್ಲಿ ಇದು 'ಆ ಖೋಲಿ' ಆಗಿತ್ತು. ಈಗ 'ಆಕಿ ಮನಿ' ಆಗಿಹೋಯಿತು. ತಹಶೀಲ್ದಾರ್ ಅಕ್ಕ ಮೊದಲ ಸಲ ತಾನು ಯಾರೆಂದು ಕೇಳದೇ ಹೊರಗೆ ನಡೆದಳು.

ಅವ್ವ ಹಲಗೆಯ ಹತ್ತಿರ ಹೋಗಿ ಡಬ್ಬಿ ತೆರೆದು ಮುಚ್ಚುವುದು ಕೇಳಿಸಿತು. ಆಮೇಲೆ ರಬ್ಬರ್ ಎಳೆಯುವ ಚಟ್ ಎಂಬ ಸದ್ದು.

"ಸಕ್ರಿಗೆ ಎಷ್ಟು ಅಂದೆವ್ವಾ?"

"ಎರಡು ಬೇ ಯವ್ವಾ."

"ಚಟ್ನಿಗೆ ಮೂರು ಹಾಕ್ತೀನಿ," ಎಂದಳು ಅವ್ವ. "ನೆನಪಿಟ್ಕೋ."