ಹದಿನೆಂಟರ ಗಾಲಿ

ಆಗ ನನಗೆ ಎಪ್ಪತ್ತಮೂರು. ಈಗ್ಗೆ ನಾಲ್ಕು ವರ್ಷ ಆಯ್ತು. ಮಗ ಸತ್ತು ಇನ್ನೂ ವರ್ಷ ತುಂಬಿರಲಿಲ್ಲ. ಎದೆ ಉರಿ ಅಂತ ಸೋಫಾ ಮೇಲೆ ಕೂತವನು ಏಳಲಿಲ್ಲ, ಅಷ್ಟೆ. ಅಮೆರಿಕದ ಸ್ಯಾನ್ ರಮೋನಿನ ಮನೆಯಲ್ಲಿ ಉಳಿದದ್ದು ನಾನು, ಸೊಸೆ ಇಬ್ಬರೇ. ಗರಾಜಿನಲ್ಲಿ ಅವನ ಕಾರು.

ಎರಡೇ ಬಾಗಿಲಿನ ಕಾರು, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಕೂತಿರೋದು. ಹತ್ತಬೇಕಾದರೆ ಮೊದಲು ಕುಂಡಿ ಊರಿ ಆಮೇಲೆ ಕಾಲು ಎಳೆದುಕೊಳ್ಳಬೇಕು. ಅದರ ಜೊತೆ ಬಂದ ಗಾಲಿ ಮಾರಿ, ಆಸೆಪಟ್ಟು ಇಪ್ಪತ್ತು ಇಂಚಿನವು ಹಾಕಿಸಿದ್ದ. ಬರೀ ಲೋಹ ಫಳಫಳ, ಸುತ್ತ ರಬ್ಬರು ರೊಟ್ಟಿಯ ಅಂಚಿನಷ್ಟು. "ಇದರಲ್ಲಿ ಟೈರು ಎಲ್ಲಿ ಮಗ?" ಅಂತ ಕೇಳಿದ್ದೆ. "ಲುಕ್ಕು ಕಣವ್ವ, ಲುಕ್ಕು" ಅಂದಿದ್ದ.

ಅವನು ಕೊನೆಗೆ ಮಾಡಿದ ಆಯುಧಪೂಜೆಯಲ್ಲಿ ನಾಲ್ಕು ಗಾಲಿಗೂ ಗಂಧ ಕುಂಕುಮ ಹಚ್ಚಿದ್ದ. ಕಾರು ತೊಳೆದಾಗಲೂ ಅದನ್ನು ಉಜ್ಜುತ್ತಿರಲಿಲ್ಲ. ನಟ್ಟು ಕೂರುವ ಗುಳಿಯೊಳಗೆ ಗಂಧ ಒಣಗಿ ಕಚ್ಚಿಕೊಂಡಿತ್ತು. ಅವನು ಹೋದಮೇಲೆ ಸೊಸೆ ಆಗಾಗ ಕಾರು ಸ್ಟಾರ್ಟ್ ಮಾಡಿ ಆಫ್ ಮಾಡುತ್ತಿದ್ದಳು. ಗಾಲಿಗೆ ಬಟ್ಟೆ ಮುಟ್ಟಿಸುತ್ತಿರಲಿಲ್ಲ. ಯಾಕೆ ಅಂತ ನಾನು ಕೇಳಲೂ ಇಲ್ಲ.

ನವೆಂಬರಿನಲ್ಲಿ ಅವಳಿಗೆ ರೀನೋ ಊರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಸೋಮವಾರ ಹೋಗಬೇಕು, ಗುರುವಾರ ಬರಬೇಕು. ನಡುವೆ ದೊಡ್ಡ ಬೆಟ್ಟ, ಚಳಿಗಾಲವೆಲ್ಲ ಹಿಮ. ಅವಳ ಕಾರು ಲೀಸಿನದು, ವಾಪಸ್ ಕೊಟ್ಟಾಗಿತ್ತು. ಮಗನ ಕಾರೇ ಗತಿ. ಅದರ ಟೈರು ಬೇಸಿಗೆಯವು, ಚಳಿಗೆ ಗಟ್ಟಿಯಾಗಿ ಜಾರುತ್ತವೆ ಅಂತ ಅವಳೇ ಹೇಳಿದಳು.

"ಹಾಗಾದ್ರೆ ಬದಲಾಯಿಸು."

"ಟೈರು ಬದಲಾಯಿಸ್ತೀನಿ ಅತ್ತೆ. ಗಾಲಿ ಇವೇ ಇರಲಿ. ವರ್ಷ ಕಳೆಯೋವರೆಗೆ ಗಾಡಿಗೆ ಹೊಸದು ಏನೂ ಕೂಡಿಸಬಾರದಂತೆ, ನಮ್ಮಮ್ಮ ಹೇಳಿದ್ರು."

"ಟೈರು ಹೊಸದಲ್ವಾ?"

"ಅದು ರಿಪೇರಿ ಲೆಕ್ಕ."

"ನಿಮ್ಮಮ್ಮನ್ನ ಬೆಟ್ಟ ಹತ್ತಿಸಿ ನೋಡು, ಆಗ ಯಾವ ಲೆಕ್ಕ ಹೇಳ್ತಾರೆ ಅಂತ."

ಅವಳು ನಗಲಿಲ್ಲ. ಅವಳ ಅಮ್ಮ ಹೇಳಿದ್ದು ಸುಳ್ಳೇನಲ್ಲ. ನಮ್ಮ ಮಂಡ್ಯದ ಕಡೆ ಸಾವಿನ ಮನೆಯಲ್ಲಿ ವರ್ಷ ಹಬ್ಬ ಮಾಡಲ್ಲ, ಹೊಸ ಗಾಡಿ ತರಲ್ಲ. ಆ ಸಲ ಆಯುಧಪೂಜೆಯನ್ನೂ ಬಿಟ್ಟಿದ್ದೆವು. ಆದರೆ ಅವಳ ಮನಸ್ಸಿನಲ್ಲಿದ್ದದ್ದು ಶಾಸ್ತ್ರ ಅಲ್ಲ, ಆ ಗುಳಿಯೊಳಗಿನ ಗಂಧ. ಅದು ಇಬ್ಬರಿಗೂ ಗೊತ್ತಿತ್ತು.

ಶನಿವಾರ ಟೈರಿನ ಅಂಗಡಿಗೆ ನಾನೂ ಹೋದೆ. ಅಂಗಡಿಯವನು ದೊಡ್ಡಾಳು, ಕುತ್ತಿಗೆಯವರೆಗೂ ಹಚ್ಚೆ. ಕಾರು ಎತ್ತಿ ನಿಲ್ಲಿಸಿ ಸುತ್ತ ಒಂದು ಸಲ ನಡೆದ. ಅವನು ಹೇಳಿದ್ದನ್ನೆಲ್ಲ ಸೊಸೆ ನನಗೆ ಕನ್ನಡದಲ್ಲಿ ಹೇಳುತ್ತಾ ಬಂದಳು. ಇಪ್ಪತ್ತರ ಗಾಲಿಗೂ ಹಿಮದ ಟೈರು ತರಿಸಬಹುದಂತೆ. ಆದರೆ ರಬ್ಬರು ತೆಳ್ಳಗೆ, ಹಿಮದ ಕೆಳಗೆ ಗುಂಡಿ ಸಿಕ್ಕರೆ ಏಟು ನೇರ ಗಾಲಿಗೇ, ಬಿರುಕು ಬಿಡಬಹುದು. ಟೈರು ಅಗಲ ಬೇರೆ. ಅಗಲದ ಟೈರು ಹಿಮದ ಮೇಲೆ ತೇಲುತ್ತಂತೆ, ಸಣ್ಣದಾದರೆ ಕೊರೆದುಕೊಂಡು ಇಳಿದು ಕಚ್ಚುತ್ತಂತೆ. ಬೆಟ್ಟದ ಮೇಲೆ, ಜಾರದ ಹಾಗೆ ಟೈರಿಗೆ ಚೈನು ಕಟ್ಟಿ ಅಂತ ಪೊಲೀಸರು ನಿಲ್ಲಿಸಿದರೆ, ಇದಕ್ಕೆ ಕಟ್ಟಲು ಒಳಗಡೆ ಜಾಗವೇ ಇಲ್ಲ.

"ಗಾಲಿ ಚಿಕ್ಕದಾದ್ರೆ ರಬ್ಬರು ದಪ್ಪ ಬರುತ್ತಂತೆ. ಹದಿನೇಳು ಆಗಲ್ಲ, ಮುಂದಿನ ಬ್ರೇಕಿಗೆ ತಗಲುತ್ತಂತೆ. ಹದಿನೆಂಟು ಕೂರುತ್ತಂತೆ. ನಾಲ್ಕೂ ಒಂದೇ ಅಗಲ" ಅಂದಳು.

"ಸರಿ, ಹದಿನೆಂಟು ಹಾಕಿಸು."

"ಇಲ್ಲ ಅತ್ತೆ. ಇವಕ್ಕೇ ಹಾಕಿಕೊಡು ಅಂತ ಹೇಳ್ತೀನಿ. ನಿಧಾನ ಓಡಿಸ್ತೀನಿ."

"ಗುಂಡಿ ನಿನ್ನ ನಿಧಾನ ನೋಡಿಕೊಂಡು ಬರುತ್ತಾ?"

ಅವಳು ಅವನ ಕಡೆ ತಿರುಗಿದಳು. ನನಗೆ ಇಂಗ್ಲೀಷು ಬರಲ್ಲ. ಅವನ ತೋಳು ಹಿಡಿದೆ. ಮೊದಲು ಕಾರಿನ ಗಾಲಿ ತೋರಿಸಿದೆ, ಆಮೇಲೆ ಗೋಡೆಗೆ ನಿಲ್ಲಿಸಿದ್ದ ದಪ್ಪ ಟೈರಿನದು ತೋರಿಸಿದೆ, ಆಮೇಲೆ ಸೊಸೆಯನ್ನು ತೋರಿಸಿ, "ಡಾಟರ್, ನಿನ್ ಡಾಟರ್. ಯಾವುದು?" ಅಂದೆ. ಅವನು ನನ್ನ ಮುಖ ನೋಡಿದ. ಆಮೇಲೆ ಹೋಗಿ ಆ ದಪ್ಪ ಟೈರಿನ ಮೇಲೆ ಕೈ ಇಟ್ಟು ನಿಂತ.

"ನೋಡಿದೆಯಾ?"

"ಅವನು ವ್ಯಾಪಾರ ಮಾಡೋನು ಅತ್ತೆ."

"ನಾನೇನು ಮಾರ್ತಾ ಇದೀನಿ ನಿನಗೆ?"

ಅವಳು ಬಗ್ಗಿ ಹಳೇ ಗಾಲಿಯ ಗುಳಿಯಲ್ಲಿ ಬೆರಳಿಟ್ಟಳು. "ಇದು ಅವರ ಕೈಯಿಂದ ಹಚ್ಚಿದ್ದು."

"ಗೊತ್ತು. ಅವನನ್ನ ಹೆತ್ತೋಳು ನಾನು. ಅವನು ಗಾಲಿಯೊಳಗಿಲ್ಲ. ಒಬ್ಬನನ್ನ ಸುಟ್ಟು ಬಂದಿದೀನಿ, ಇನ್ನೊಂದು ಸಲ ಆ ಜಾಗಕ್ಕೆ ಹೋಗೋಕೆ ನನ್ನ ಕೈಲಾಗಲ್ಲ."

ಅಂಗಡಿಯವನು ಪಕ್ಕಕ್ಕೆ ಹೋಗಿ ಏನೋ ಸಾಮಾನು ಜೋಡಿಸುತ್ತಾ ನಿಂತ. ಅವಳು ಎದ್ದು ಅವನನ್ನು ಕರೆದು, "ಏಯ್ಟೀನ್" ಅಂದಳು.

ಕಪ್ಪು ಗಾಲಿ, ಮಂದ ಟೈರು. ಹಾಕಿದಮೇಲೆ ಕಾರು ಮದುವೆಗೆ ಗಂಬೂಟು ಹಾಕಿಕೊಂಡು ಹೊರಟವರ ಹಾಗೆ ಕಂಡಿತು. ಹಳೇ ನಾಲ್ಕನ್ನು ಅಂಗಡಿಯವರೇ ವ್ಯಾನಿನಲ್ಲಿ ತಂದು ನಮ್ಮ ಗರಾಜಿನಲ್ಲಿ ಇಟ್ಟು ಹೋದರು.

ಸೋಮವಾರ ಬೆಳಗ್ಗೆ ಅವಳು ಹೊರಟಳು. ಟೈರಿನ ಕೆಳಗೆ ನಿಂಬೆಹಣ್ಣು ಇಡಲಿಲ್ಲ, ವರ್ಷದೊಳಗೆ ಇಡಬಾರದು. ಚಿತ್ರಾನ್ನ ಕಟ್ಟಿಕೊಟ್ಟೆ, ಕಂಬಳಿ ಹಾಕಿದೆ. ಮಧ್ಯಾಹ್ನ ಟೀವಿಯಲ್ಲಿ ಬೆಟ್ಟದ ರಸ್ತೆ ತೋರಿಸಿದರು. ಬರೀ ಬಿಳಿ, ಅದರಲ್ಲಿ ಅಡ್ಡಡ್ಡ ನಿಂತ ಕಾರುಗಳು. ಅದರೊಳಗೆ ನಮ್ಮದನ್ನು ಹುಡುಕಿದೆ. ಫೋನು ಮಾಡಿದರೆ ಸಿಗಲಿಲ್ಲ. ಟೀವಿ ಆಫ್ ಮಾಡಿ ಅವರೆಕಾಯಿ ಸುಲಿಯುತ್ತಾ ಕೂತೆ. ಸುಲಿದು ಮುಗಿಯಿತು. ಸುಮ್ಮನೆ ಕೂತೆ.

ಸಂಜೆ ಅವಳೇ ಫೋನು ಮಾಡಿದಳು. "ತಲುಪಿದೆ ಅತ್ತೆ. ಮೇಲೆ ಸಿಗ್ನಲ್ಲೇ ಇರಲಿಲ್ಲ."

"ಜಾರ್ತಾ?"

"ಇಲ್ಲ. ಒಂದು ಕಡೆ ಹಿಮದ ಕೆಳಗೆ ಗುಂಡಿಗೆ ಬಿದ್ದೆ. ದಡ್ ಅಂತು. ಇಳಿದು ನೋಡಿದೆ, ಏನೂ ಆಗಿಲ್ಲ. ಅತ್ತೆ, ಗರಾಜಿನಲ್ಲಿರೋ ಗಾಲಿ ತೊಳೆದಿಡ್ತೀರಾ? ಬ್ರೇಕು ಸವೆದು ಮೆತ್ತಿರೋ ಪುಡಿ ಹಾಗೇ ಬಿಟ್ರೆ ಬಣ್ಣ ತಿಂದುಹಾಕುತ್ತಂತೆ, ಅಂಗಡಿಯವನು ಹೇಳಿದ್ದ."

"ಗಂಧ?"

"ಅದನ್ನೂ."

"ಉಂಡು ಮಲಗು" ಅಂದೆ.

ಮಾರನೇ ದಿನ ಬೆಳಗ್ಗೆ ಬಕೆಟ್ಟಿಗೆ ಬಿಸಿನೀರು, ಪಾತ್ರೆ ಸೋಪು ಹಾಕಿಕೊಂಡು ಗರಾಜಿನಲ್ಲಿ ಕುಕ್ಕರುಗಾಲಲ್ಲಿ ಕೂತೆ. ಹಲ್ಲುಜ್ಜುವ ಹಳೇ ಬ್ರಷ್ಷು ತಗೊಂಡು ನಾಲ್ಕು ಗಾಲಿಯ ಗುಳಿಗಳನ್ನೂ ಒಂದೂ ಬಿಡದೆ ಉಜ್ಜಿದೆ. ಗಂಧ ಬೇಗ ಬಿಡಲಿಲ್ಲ, ಉಗುರು ಹಾಕಿ ಕೆರೆದೆ. ನೀರು ಮೊದಲು ಕಪ್ಪಗೆ, ಆಮೇಲೆ ಸ್ವಲ್ಪ ಕೆಂಪಗೆ ಬಂತು. ಆ ನೀರನ್ನು ತುಳಿಯೋ ಕಡೆ ಚೆಲ್ಲದೆ ಹಿತ್ತಲಿನ ನಿಂಬೆಗಿಡದ ಬುಡಕ್ಕೆ ಹುಯ್ದೆ. ಗಾಲಿ ಒರೆಸಿ, ಒಂದೊಂದಾಗಿ ಉರುಳಿಸಿ ಗೋಡೆಗೆ ಒರಗಿಸಿ, ಹಳೇ ಬೆಡ್‌ಶೀಟು ಹೊದಿಸಿ ಒಳಗೆ ಬಂದು ಕೈ ತೊಳೆದೆ.