ಅಂಟುವಾಳದ ನೀರಲ್ಲಿ ತೊಳೆದ ಹೊಲಗಳು

ಇವತ್ತು ಬೆಳಿಗ್ಗೆ ಎರಡು ಕೆಲಸ ಇದ್ದವು: ರೇಷ್ಮೆ ಸೀರೆ ಒಗೆಯುವುದು, ಬಿರುಕು ಬಿಟ್ಟ ತುಳಸಿ ಕುಂಡವನ್ನು ಬದಲಿಸುವುದು. ಯಜಮಾನರು ಹೊಸ ಕುಂಡ, ಹೊಸ ಮಣ್ಣಿನ ಚೀಲ ತಂದಿಟ್ಟಿದ್ದರು. ನಾನು ಮೊದಲು ಸೀರೆಗೆಂದು ಅಂಟುವಾಳಕಾಯಿ ನೆನೆಹಾಕಿದೆ. ಅದರ ವಾಸನೆ ಮೂಗಿಗೆ ಬಡಿದದ್ದೇ ತಡ, ನಾಚಿಕೆಯಾಯಿತು. ಅಂಟುವಾಳಕ್ಕೆ ನಾಚುವವರು ಈ ಕೊಪ್ಪಳದಲ್ಲಿ ನಾನೊಬ್ಬಳೇ ಇರಬೇಕು. ಯಾಕೆಂದು ಹೇಳುತ್ತೇನೆ, ಕೇಳಿ. ನಗಬೇಡಿ ಅನ್ನುವುದಿಲ್ಲ.

ನನ್ನ ಸೋದರತ್ತೆ ಶರಣವ್ವ ಕುಷ್ಟಗಿ ಕಡೆಯ ಹಳ್ಳಿಯವಳು. ವಯಸ್ಸೆಲ್ಲ ಕಂಡವರ ಹೊಲದಲ್ಲಿ ಕುರ್ಪಿ ಹಿಡಿದು ಕಳೆ ತೆಗೆದವಳು. ಕಳೆ ತೆಗೆಯುವವರ ಕಣ್ಣು ನೆಲಕ್ಕೆ ಭಾಳ ಹತ್ತಿರ ನೋಡಿ, ನಮ್ಮ ನಿಮ್ಮಂಥವರಿಗೆ ಕಾಣದ್ದು ಅವಳಿಗೆ ಕಂಡಿತು: ಹೆಬ್ಬೆರಳಿನ ಉಗುರಷ್ಟು ಅಗಲದ, ಅಂಚು ಚಕ್ಕೆ ತೆಗೆದ ಕಲ್ಲಿನ ಬಾಣದ ಮೊನೆಗಳು. ಕಬ್ಬಿಣ ಕಾಣದ ಕಾಲದ ಬೇಟೆಗಾರರವು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. "ಯಾರೋ ಕುಂತು ತಿದ್ದ್ಯಾರ ತಂಗಿ, ಸುಮ್ನ ಒಡದ ಕಲ್ಲಲ್ಲ ಇದು" ಎನ್ನುತ್ತಿದ್ದಳು, ಅಷ್ಟೆ. ಒಂದೊಂದನ್ನೂ ಹಳೆ ಸೀರೆಯ ಚಿಂದಿಯಲ್ಲಿ ಗಂಟು ಕಟ್ಟಿ ಸ್ಟೀಲಿನ ಡಬ್ಬಿಗೆ ಹಾಕಿಡುವಳು. ಹದಿನೇಳು ಗಂಟುಗಳಿದ್ದವು.

ನಾನಾಗ ಶಾಲೆಯಲ್ಲಿ ಹೊಸ ಅಕ್ಕೋರು, ಅಂದರೆ ಟೀಚರು. ಹೊಸ ಅಕ್ಕೋರಿಗೆ ಗೊತ್ತಿಲ್ಲದ್ದು ಲೋಕದಲ್ಲಿ ಏನಿದೆ? ಮಕ್ಕಳಿಗೆ ತೋರಿಸುತ್ತೇನೆಂದು ಡಬ್ಬಿ ತಂದೆ. ಗಂಟು ಬಿಚ್ಚಿದರೆ ಪ್ರತಿಯೊಂದರಲ್ಲೂ ಕಲ್ಲಿನ ಜೊತೆ ಚಿಟಿಕೆ ಮಣ್ಣು. ಎಂಥ ಕೊಳಕು ಅನ್ನಿಸಿತು. ಮಣ್ಣನ್ನೆಲ್ಲ ಇದೇ ತುಳಸಿ ಕುಂಡಕ್ಕೆ ಕೊಡವಿ, ಕಲ್ಲುಗಳನ್ನು ಒಟ್ಟಿಗೆ ಅಂಟುವಾಳದ ನೀರಿಗೆ ಹಾಕಿ, ಹಳೆ ಬ್ರಷ್ಷಿನಿಂದ ತಿಕ್ಕಿ, ಪೇಡೆ ಬಾಕ್ಸಿನಲ್ಲಿ ಹತ್ತಿ ಹಾಸಿ ಮಲಗಿಸಿದೆ. ಬೆಳಕಿಗೆ ಹಿಡಿದರೆ ಕೆಲವು ಜೇನಿನ ಬಣ್ಣ! ಶಾಲೆಯಲ್ಲಿ ಎಲ್ಲರೂ ಹೊಗಳಿದರು.

ಉಬ್ಬಿಕೊಂಡೇ ಹೋಗಿ ಅತ್ತೆಯ ಮುಂದೆ ಬಾಕ್ಸು ತೆರೆದೆ.

"ಭಾಳ ಛಲೋ ಕಾಣ್ತಾವ," ಅಂದಳು. ಆಮೇಲೆ, "ಮಣ್ಣ ಎಲ್ಲಿ?"

"ತುಳಸಿ ಕುಂಡಕ್ಕ ಹಾಕಿದ್ನಿ ಅತ್ತಿ."

ಅವಳು ಒಂದು ಕಲ್ಲನ್ನೆತ್ತಿ ಹೊರಳಿಸಿ ನೋಡಿ ಮತ್ತೆ ಹತ್ತಿಯ ಮೇಲಿಟ್ಟಳು. "ಯಾವ ಕಲ್ಲು ಯಾವ ಹೊಲದ್ದಂತ ಬರದಿಡಾಕ ನನಗೇನ್ ಅಕ್ಷರ ಬರ್ತಾವ? ಮಣ್ಣ ನೋಡಿ ಹೇಳ್ತಿದ್ದೆ. ನಂದಂತ ಗೇಣು ಹೊಲ ಇಲ್ಲ ತಂಗಿ. ನಾ ದುಡದ ಹೊಲ ಎಲ್ಲಾ ಆ ಡಬ್ಬ್ಯಾಗ ಇದ್ವು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮುಂದಿನ ಭಾನುವಾರದಿಂದ ಸ್ಕೂಟಿ ತೆಗೆದೆ. ಹಿಂದೆ ಅತ್ತೆ, ಅವಳ ತೊಡೆಯ ಮೇಲೆ ರೊಟ್ಟಿ ಬುತ್ತಿ. "ಸಾವಕಾಶ ಹೋಗ, ಹೊಲ ಎಲ್ಲೂ ಓಡಿ ಹೋಗಂಗಿಲ್ಲ!" ಯಲಬುರ್ಗಾ ದಾರಿಯ ಕಪ್ಪು ಎರೆಮಣ್ಣಿನ ಹೊಲ, ಕನಕಗಿರಿ ಕಡೆಯ ಕೆಂಪು ಮಸಾರಿ ಮಣ್ಣಿನ ಹೊಲ, ಎಲ್ಲ ಸುತ್ತಿದೆವು. ಕಲ್ಲನ್ನು ಅಂಗೈಯಲ್ಲಿ ಹೊರಳಿಸಿದರೆ ಅವಳಿಗೆ ಪಕ್ಕದ ಸಾಲಿನಲ್ಲಿದ್ದ ಹೆಣ್ಣುಮಕ್ಕಳು ನೆನಪಾಗುತ್ತಿದ್ದರು. "ಇದು ಸಿಕ್ಕ ದಿನಾ ಬಸಮ್ಮ ಕುರ್ಪಿಲೆ ಬೆರಳು ಕೊಯ್ಕೊಂಡಿದ್ಲು. ಬೇವಿನ ಗಿಡದ ಬಾಜೂಕಿನ ಸಜ್ಜಿ ಹೊಲ ಅದು." ಅಲ್ಲಿಗೆ ಹೋಗಿ, ಹೊಲದವರನ್ನು ಕೇಳಿ, ಚಿಟಿಕೆ ಮಣ್ಣು ಹಾಕಿ ಮತ್ತೆ ಗಂಟು ಕಟ್ಟುವುದು. "ಮಣ್ಣ ಒಯ್ದು ಏನ್ ಮಾಡ್ತೀರಿ?" ಎಂದು ಯಾರಾದರೂ ಕೇಳಿದರೆ ಅತ್ತೆ ನನ್ನತ್ತ ಕೈ ತೋರಿಸಿ, "ನಮ್ಮ ಅಕ್ಕೋರು ಈಗ ಸಾಲಿ ಕಲಿಯಾಕತ್ಯಾರ್ರಿ" ಎನ್ನುವಳು. ಆ ಭಾನುವಾರಗಳಷ್ಟು ಸುಖವಾಗಿ ನಾನು ಯಾವ ರಜೆಯನ್ನೂ ಕಳೆದಿಲ್ಲ.

ಹದಿನೈದು ಕಲ್ಲುಗಳಿಗೆ ಹೊಲ ಸಿಕ್ಕಿತು. ಎರಡಕ್ಕೆ ಏನು ಮಾಡಿದರೂ ಸಿಗಲಿಲ್ಲ. ನನಗೆ ಅಳುವೇ ಬಂತು.

"ಅಳಬ್ಯಾಡ. ಆ ತುಳಸಿ ಕುಂಡದ ಮಣ್ಣ ಹಾಕು. ಇವುರ ಮಣ್ಣೂ ಅದರಾಗ ಐತಿ, ಎಲ್ಲಿ ಹೋದೀತು?" ಎಂದು ಅತ್ತೆ ಆ ಎರಡನ್ನೂ ನನಗೇ ಕೊಟ್ಟಳು. ಈಗ ಅವಳಿಗೆ ಮೊಣಕಾಲು ನೋವು, ಕಳೆಗೆ ಹೋಗುವುದಿಲ್ಲ. ಡಬ್ಬಿ ಮಾತ್ರ ಅವಳ ಹತ್ತಿರವೇ ಭದ್ರವಾಗಿದೆ. ನನ್ನ ಕೈಗೆ ಕೊಡುವ ಮಾತೇ ಇಲ್ಲ.

ಇಷ್ಟು ನೆನಪಾದ ಮೇಲೆ ಸೀರೆಯನ್ನು ಬಕೆಟ್ಟಿನಲ್ಲೇ ಬಿಟ್ಟು ಎದ್ದೆ. ಹಳೆ ಕುಂಡದ ಮಣ್ಣನ್ನು ಒಂದು ಹಿಡಿಯೂ ಚೆಲ್ಲದಂತೆ ಹೊಸ ಕುಂಡಕ್ಕೆ ತುಂಬಿದೆ.

"ಹೊಸಾ ಮಣ್ಣ ತಂದೀನಲ್ಲ, ಆ ಹಳೇದು ಯಾಕ?" ಅಂದರು ಯಜಮಾನರು.

"ಶರಣವ್ವತ್ತಿ ಹೊಲರಿ ಇದು," ಅಂದೆ.